ಇಲ್ಲದ ಮಂಡಲಕ್ಕೆ ದೊಡ್ಡಪ್ಪನ ಬಾಕಿ

ಕಳೆದ ತಿಂಗಳು ಊರಿನ ಮನೆಗೆ ಇ-ಸ್ವತ್ತು, ಅಂದರೆ ಪಂಚಾಯಿತಿಯ ಕಂಪ್ಯೂಟರ್ ಆಸ್ತಿ ದಾಖಲೆ, ಮಾಡಿಸೋಣ ಅಂತ ಹೋಗಿದ್ದೆ. ನಮ್ಮೂರು ಮಧುಗಿರಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಮನೆ ಅಜ್ಜ ಕಟ್ಟಿಸಿದ್ದು, ಖಾತೆ ದೊಡ್ಡಪ್ಪನ ಹೆಸರಿನಲ್ಲಿದೆ, ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಕಾಲವಾಯ್ತು ಆದರೆ ಕಾಗದದಲ್ಲಿ ಏನೂ ಆಗಿಲ್ಲ. ಎಲ್ಲರ ಮನೆ ಕಥೆಯೂ ಇದೇ ಅಲ್ವಾ. ಪಂಚಾಯಿತಿ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಒಳ್ಳೆಯವನೇ. ಹಳೇ ಮನೆ ಕಂದಾಯದ ರಸೀದಿ ಏನಾದರೂ ಇದ್ದರೆ ತನ್ನಿ ಸಾರ್, ಎಷ್ಟು ಹಳೇದಾದರೆ ಅಷ್ಟು ಒಳ್ಳೇದು ಅಂದ.

ಮನೆಗೆ ಬಂದು ಹೇಳಿದೆ. ದೊಡ್ಡಪ್ಪನಿಗೆ ಈಗ 84. ಕಿವಿ ಸ್ವಲ್ಪ ಮಂದ, ಜ್ಞಾಪಕ ಮಾತ್ರ ಗಟ್ಟಿ. ಅಟ್ಟದ ಮೇಲಿನ ಟ್ರಂಕು ಇಳಿಸು ಅಂದರು. ಇಳಿಸಿದೆ. ಒಳಗೆ ದಾರ ಕಟ್ಟಿದ ಕಾಗದದ ಕಟ್ಟುಗಳು, ಒಂದು ಹಳೇ ಸ್ಟಾಂಪ್ ಪ್ಯಾಡು, ಇಲಿ ತಿಂದ ಎರಡು ಮದುವೆ ಕಾಗದ. ರಸೀದಿಗಳನ್ನು ವರ್ಷವಾರು ಜೋಡಿಸಿಟ್ಟಿದ್ದಾರೆ ಮಾರಾಯರು, ನನಗೆ ಹೋದ ವರ್ಷದ ಕರೆಂಟ್ ಬಿಲ್ ಹುಡುಕಿದರೂ ಸಿಗೋದಿಲ್ಲ.

ಆ ರಸೀದಿಗಳ ತಲೆಬರಹ ನೋಡುತ್ತಾ ಹೋದಾಗ ಮೊದಲ ಸಲ ನನಗೆ ಒಂದು ವಿಷಯ ತಲೆಗೆ ಹೋಯಿತು. ಮನೆ ಅದೇ, ಊರು ಅದೇ, ಕಂದಾಯ ಕಟ್ಟಿದವರೂ ಅವರೇ. ಕಟ್ಟಿಸಿಕೊಂಡ ಆಫೀಸು ಮಾತ್ರ ಎರಡು ಸಲ ಬದಲಾಗಿದೆ. ಹಳೇ ಕಟ್ಟಿನಲ್ಲಿ ವಿಲೇಜ್ ಪಂಚಾಯಿತಿ. ಈಚಿನದರಲ್ಲಿ ಈಗಿನ ಗ್ರಾಮ ಪಂಚಾಯಿತಿ. ಮಧ್ಯದಲ್ಲಿ ಒಂದು ತೆಳು ಕಟ್ಟು, ಐದೇ ಐದು ರಸೀದಿ, ಅದರ ಮೇಲೆ ಮಂಡಲ ಪಂಚಾಯಿತಿ ಅಂತ ದಪ್ಪ ಅಕ್ಷರ. ಕೊನೆಯದು 1992ರ ಮಾರ್ಚ್‌ನದು.

ಮಂಡಲ! ಹಲವು ಹಳ್ಳಿ ಸೇರಿಸಿ ಮಾಡಿದ್ದ ಪಂಚಾಯಿತಿ. ಎಷ್ಟು ವರ್ಷವಾಯ್ತು ಈ ಪದ ಕೇಳಿ. ಅಥವಾ ಕೇಳಿಲ್ಲ ಅನ್ನೋದೂ ಸುಳ್ಳು. ಪೇಪರಿನಲ್ಲಿ ನಿಧನ ಸುದ್ದಿ ಓದುವ ಅಭ್ಯಾಸ ಇರುವವರಿಗೆ ಗೊತ್ತು, ಇವತ್ತಿಗೂ ಅಲ್ಲಿ ಮಾಜಿ ಮಂಡಲ ಪ್ರಧಾನರು ಅಂತ ಬರುತ್ತದೆ. ಮೂವತ್ತು ಚಿಲ್ಲರೆ ವರ್ಷದ ಹಿಂದೆ ಮುಗಿದುಹೋದ ಹುದ್ದೆ, ಇನ್ನೂ ಜನರ ಹೆಸರಿನ ಹಿಂದೆ ನಿಂತಿದೆ.

1987ರಲ್ಲಿ ನನಗೆ ಎಂಟು ವರ್ಷ. ನೆನಪಿರುವುದು ಇಷ್ಟೇ: ಜನವರಿಯ ಚಳಿ, ಜೀಪಿನ ಮೇಲೆ ಮೈಕು, ಗೋಡೆ ಮೇಲೆ ಸುಣ್ಣದಲ್ಲಿ ಬರೆದ ಹಸ್ತ ಮತ್ತು ನೇಗಿಲು ಹೊತ್ತ ರೈತ. ಈಗಿನ ಗ್ರಾಮ ಪಂಚಾಯಿತಿ ಎಲೆಕ್ಷನ್ ಪಕ್ಷದ ಚಿಹ್ನೆ ಇಲ್ಲದೆ ನಡೆಯುತ್ತದೆ, ಆದರೂ ಯಾರು ಯಾವ ಪಾರ್ಟಿ ಅಂತ ಊರಿಗೆಲ್ಲಾ ಗೊತ್ತಿರುತ್ತೆ. ಆಗ ಆ ನಾಚಿಕೆ ಇರಲಿಲ್ಲ, ಪಕ್ಷಗಳೇ ನೇರವಾಗಿ ನಿಂತವು. ದೊಡ್ಡಪ್ಪ ನಮ್ಮೂರಿನಿಂದ ಮಂಡಲದ ಮೆಂಬರ್ ಆದರು. ಮನೆ ಮುಂದೆ ಪಟಾಕಿ ಹೊಡೆದರು, ಒಂದು ಪಟಾಕಿ ಹುಲ್ಲಿನ ಬಣವೆ ಹತ್ತಿರ ಹೋಗಿ ದೊಡ್ಡಮ್ಮ ಬೈದ ಬೈಗುಳ ನನಗೆ ಚುನಾವಣೆಗಿಂತ ಚೆನ್ನಾಗಿ ನೆನಪಿದೆ.

ಈ ಮಂಡಲ ಎಲ್ಲಿಂದ ಬಂತು ಅಂತ ನೋಡಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಜಾಸ್ತಿ ಹಿಂದೆ ಬೇಡ. 1956ರಲ್ಲಿ ರಾಜ್ಯ ಒಂದಾದಾಗ ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಅಂತ ಐದು ಕಡೆಯ ಹಳ್ಳಿ ಆಡಳಿತ ಒಂದೇ ಸೂರಿನಡಿ ಬಂತು, ಒಂದೊಂದು ಕಡೆ ಒಂದೊಂದು ಕಾನೂನು. ಹಳೇ ಬೋರ್ಡುಗಳ ಗುರುತು ಈಗಲೂ ಅಲ್ಲಲ್ಲಿ ಉಳಿದಿದೆ. ಕುಂದಾಪುರದ ಕಡೆಯವರನ್ನು ಕೇಳಿ, ಬೋರ್ಡ್ ಹೈಸ್ಕೂಲ್ ಅಂತಾರೆ. ಆ ಬೋರ್ಡ್ ಅಂದರೆ ಕರಿಹಲಗೆ ಅಲ್ಲ, ಮದ್ರಾಸ್ ಕಾಲದ ಡಿಸ್ಟ್ರಿಕ್ಟ್ ಬೋರ್ಡು. ಬೋರ್ಡ್ ಹೋದರೂ ಶಾಲೆಯ ಹೆಸರು ಬಿಡಲಿಲ್ಲ.

ಈ ಐದು ಕಲಸುಮೇಲೋಗರವನ್ನು ಒಂದು ಮಾಡಲು 1959ರಲ್ಲಿ ಮೈಸೂರು ಸರ್ಕಾರ ಹೊಸ ಕಾಯ್ದೆ ತಂದಿತು. ಅದಕ್ಕೆ ಎರಡು ವರ್ಷ ಮೊದಲು, 1957ರಲ್ಲಿ, ಬಲವಂತರಾಯ್ ಮೆಹ್ತಾ ಸಮಿತಿ ದೇಶಕ್ಕೆಲ್ಲಾ ಮೂರು ಹಂತದ ಪಂಚಾಯತ್ ಬೇಕು ಅಂದಿತ್ತು. ನಮ್ಮಲ್ಲಿ ಕೆಳಗೆ ವಿಲೇಜ್ ಪಂಚಾಯಿತಿ, ಮಧ್ಯೆ ತಾಲ್ಲೂಕು ಅಭಿವೃದ್ಧಿ ಮಂಡಳಿ, ಮೇಲೆ ಜಿಲ್ಲಾ ಅಭಿವೃದ್ಧಿ ಪರಿಷತ್ತು. ತಾಲ್ಲೂಕು ಅಭಿವೃದ್ಧಿ ಮಂಡಳಿ ಅಂತ ಪೂರ್ತಿ ಹೇಳಿದವರನ್ನು ನಾನು ಕಂಡಿಲ್ಲ, ಎಲ್ಲರ ಬಾಯಲ್ಲೂ ತಾಲ್ಲೂಕ್ ಬೋರ್ಡ್. ಅದರ ಮೆಂಬರ್‌ಗಳನ್ನು ಜನ ನೇರವಾಗಿ ಆರಿಸುತ್ತಿದ್ದರು, ಬಿಡಿಒ, ಅಂದರೆ ಬ್ಲಾಕ್ ಅಭಿವೃದ್ಧಿ ಅಧಿಕಾರಿ, ಅದರ ಕೆಲಸ ನೋಡುತ್ತಿದ್ದರು, ರಸ್ತೆ, ಬಾವಿ, ಶಾಲೆ ಕಟ್ಟಡ ಎಲ್ಲ ಅಲ್ಲಿಂದಲೇ. ಜಿಲ್ಲಾ ಮಟ್ಟದ ಪರಿಷತ್ತಿಗೆ ಮಾತ್ರ ಡಿಸಿ ಸಾಹೇಬರೇ ಅಧ್ಯಕ್ಷರು, ಅದು ಸಲಹೆ ಕೊಡುವ, ಮೇಲೆ ನಿಂತು ನೋಡುವ ಸಭೆ ಅಷ್ಟೇ. ನಮ್ಮಜ್ಜ ತಾಲ್ಲೂಕ್ ಬೋರ್ಡಿಗೆ ಒಂದು ಸಲ ನಿಂತು ಸೋತಿದ್ದರಂತೆ. ಆ ಸೋಲಿನ ಸಿಟ್ಟು ಅವರು ಸಾಯುವವರೆಗೂ ಇತ್ತು, ಗೆದ್ದವನ ಮನೆಯ ದಾರಿಯಲ್ಲಿ ಗಾಡಿ ಹೊಡೆಯುತ್ತಿರಲಿಲ್ಲ, ಸುತ್ತಿಕೊಂಡು ಹೋಗುತ್ತಿದ್ದರು.

ಈ ಬೋರ್ಡುಗಳ ಗತಿ ಏನಾಯಿತು ಅಂದರೆ, ಚುನಾವಣೆಯನ್ನು ಹೊತ್ತಿಗೆ ಸರಿಯಾಗಿ ಮಾಡಲಿಲ್ಲ. ಅವಧಿ ಮುಗಿದರೂ ಎಳೆದುಕೊಂಡು ಹೋಗುವುದು. ದುಡ್ಡೂ ಸರ್ಕಾರ ಕೊಟ್ಟಷ್ಟೇ. ವಿಲೇಜ್ ಪಂಚಾಯಿತಿ ಚೇರ್ಮನ್ನರಿಗಂತೂ ಬೀದಿದೀಪದ ಬಲ್ಬು ಹಾಕಿಸುವಷ್ಟು ದುಡ್ಡಿದ್ದರೆ ಹೆಚ್ಚು ಅಂತ ದೊಡ್ಡಪ್ಪ ನಗುತ್ತಾರೆ.

1978ರಲ್ಲಿ ಅಶೋಕ್ ಮೆಹ್ತಾ ಸಮಿತಿ ಅಂತ ಇನ್ನೊಂದು ಮೆಹ್ತಾ ಸಮಿತಿ ವರದಿ ಕೊಟ್ಟಿತು. ಒಂದೊಂದು ಹಳ್ಳಿಗೆ ಒಂದೊಂದು ಪಂಚಾಯಿತಿ ಮಾಡಿದರೆ ಅದಕ್ಕೆ ಬಲ ಬರುವುದಿಲ್ಲ, ಹಳ್ಳಿಗಳನ್ನು ಒಟ್ಟು ಸೇರಿಸಿ 15,000ದಿಂದ 20,000 ಜನರಿಗೆ ಒಂದು ಮಂಡಲ ಪಂಚಾಯಿತಿ ಮಾಡಿ, ಮೇಲೆ ಜಿಲ್ಲೆಗೊಂದು ಬಲವಾದ ಪರಿಷತ್ತು ಇಡಿ ಅನ್ನೋದು ಅದರ ಸಾರ. ದೆಹಲಿಯಲ್ಲಿ ಸರ್ಕಾರ ಬಿತ್ತು, ವರದಿ ಕಪಾಟು ಸೇರಿತು. ಅದನ್ನು ಕಪಾಟಿನಿಂದ ತೆಗೆದು ಧೂಳು ಕೊಡವಿದವರಲ್ಲಿ ನಮ್ಮವರು ಮುಂದಿದ್ದರು. 1983ರಲ್ಲಿ ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬಂತು, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಪಂಚಾಯತ್ ರಾಜ್ ಖಾತೆಗೆ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್.

ನಜೀರ್ ಸಾಬರ ಹೆಸರು ಹೇಳಿದರೆ ನಮ್ಮ ಕಡೆ ಮೊದಲು ನೆನಪಾಗುವುದು ಪಂಚಾಯಿತಿ ಅಲ್ಲ, ಬೋರಿಂಗು. ಮಧುಗಿರಿ, ಪಾವಗಡ, ಶಿರಾ ಈ ಕಡೆಯೆಲ್ಲಾ ಬರಗಾಲದ ಸೀಮೆ, ಎಂಬತ್ತರ ದಶಕದ ಮಧ್ಯದಲ್ಲಿ ಮಳೆ ಕೈಕೊಟ್ಟು ಕೆರೆಗಳು ಬಟ್ಟಲಿನ ಹಾಗೆ ಒಣಗಿದ್ದವು. ಆಗ ಹಳ್ಳಿಹಳ್ಳಿಗೂ ಬೋರ್‌ವೆಲ್ ಕೊರೆಸಿ ಕೈಪಂಪು ಹಾಕಿಸಿದರು. ಹಾಗಾಗಿ ನೀರ್ ಸಾಬ್ ಅಂತಲೇ ಹೆಸರಾಯಿತು. ನಮ್ಮೂರ ಮಾರಮ್ಮನ ಗುಡಿ ಮುಂದಿನ ಬೋರಿಂಗಿಗೆ ನಾವು ಹುಡುಗರು ಇಬ್ಬರು ಮೂವರು ಜೋತುಬಿದ್ದು ನೀರು ಹೊಡೆಯುತ್ತಿದ್ದೆವು. ಈಗ ಅದರ ಹಿಡಿಕೆ ಇಲ್ಲ, ಕಂಬ ಮಾತ್ರ ಇದೆ, ಯಾರೋ ಅದಕ್ಕೆ ಎಮ್ಮೆ ಕಟ್ಟುತ್ತಾರೆ.

ಕಾಯ್ದೆ 1983ರಲ್ಲೇ ಸಿದ್ಧವಾದರೂ ರಾಷ್ಟ್ರಪತಿಗಳ ಒಪ್ಪಿಗೆ ಸಿಗಲು 1985ರವರೆಗೆ ಕಾಯಬೇಕಾಯಿತು. ಆ ಕಾಯ್ದೆಯ ಹೆಸರು ಎಷ್ಟು ಉದ್ದ ನೋಡಿ: ಕರ್ನಾಟಕ ಜಿಲ್ಲಾ ಪರಿಷತ್ತುಗಳು, ತಾಲ್ಲೂಕು ಪಂಚಾಯತ್ ಸಮಿತಿಗಳು, ಮಂಡಲ ಪಂಚಾಯಿತಿಗಳು ಮತ್ತು ನ್ಯಾಯ ಪಂಚಾಯಿತಿಗಳ ಕಾಯ್ದೆ. ಕೊನೆಯಲ್ಲಿದೆಯಲ್ಲ ನ್ಯಾಯ ಪಂಚಾಯಿತಿ, ಅದು ಹೆಸರಿನಲ್ಲಿ ಬಂತೇ ಹೊರತು ಊರಿಗೆ ಬರಲೇ ಇಲ್ಲ. ಆ ಕಾಯ್ದೆ ಬದುಕಿದ್ದಷ್ಟು ದಿನವೂ ಒಂದು ನ್ಯಾಯ ಪಂಚಾಯಿತಿಯೂ ಕೂರಲಿಲ್ಲ, ಜಗಳಗಳು ಮಾಮೂಲಿನಂತೆ ಅರಳಿಕಟ್ಟೆಯಲ್ಲೋ ಮಧುಗಿರಿ ಕೋರ್ಟಿನಲ್ಲೋ ನಡೆದುಕೊಂಡು ಹೋದವು.

ಅಶೋಕ್ ಮೆಹ್ತಾ ಹೇಳಿದ್ದಕ್ಕಿಂತ ನಮ್ಮ ಮಂಡಲಗಳು ಚಿಕ್ಕವು. 8,000ದಿಂದ 12,000 ಜನಸಂಖ್ಯೆಗೆ ಒಂದು. ಮಲೆನಾಡಿನಂಥ ಕಡೆ ಮನೆಗಳು ದೂರದೂರ ಇರುತ್ತವಲ್ಲ, ಅಲ್ಲಿ 4,000 ಇದ್ದರೂ ಸಾಕು. 400 ಜನಕ್ಕೆ ಒಬ್ಬ ಮೆಂಬರ್. ಲೆಕ್ಕ ಹಾಕಿ, 10,000 ಜನರ ಮಂಡಲಕ್ಕೆ 25 ಮೆಂಬರು. ರಾಜ್ಯದಲ್ಲಿ ಹೀಗೆ ಸುಮಾರು 2,500 ಮಂಡಲಗಳಾದವು. ನಮ್ಮ ಮಂಡಲಕ್ಕೆ ಹದಿನಾಲ್ಕು ಹಳ್ಳಿ ಸೇರಿದ್ದವು, ಕೆಲವು ಊರಿನವರು ಅದುವರೆಗೆ ಒಬ್ಬರ ಮುಖ ಒಬ್ಬರು ಜಾತ್ರೆಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದವರಲ್ಲ.

ಇಲ್ಲಿ ಶುರುವಾಯಿತು ನೋಡಿ ನಿಜವಾದ ಜಗಳ. ಹದಿನಾಲ್ಕು ಹಳ್ಳಿಯಲ್ಲಿ ಆಫೀಸು ಯಾವ ಊರಲ್ಲಿ ಇಡಬೇಕು?

ದೊಡ್ಡಪ್ಪ ಇದನ್ನು ಹೇಳುವಾಗ ಈಗಲೂ ನೆಟ್ಟಗೆ ಕೂರುತ್ತಾರೆ. ಎರಡು ಊರಿನ ಮಧ್ಯೆ ಪೈಪೋಟಿ, ಒಂದು ದೊಡ್ಡ ಊರು, ವಾರದ ಸಂತೆ ಇತ್ತು, ಬಸ್ಸು ನಿಲ್ಲುತ್ತಿತ್ತು. ಇನ್ನೊಂದು ನಮ್ಮ ಪಕ್ಕದ ಊರು, ಚಿಕ್ಕದಾದರೂ ನಕ್ಷೆಯಲ್ಲಿ ಸರಿಯಾಗಿ ನಡುವೆ ಬರುತ್ತಿತ್ತು. ನಮ್ಮ ಕಡೆಯವರು ಒಂದು ಲಾರಿ ತುಂಬಾ ಜನ ತುಮಕೂರಿಗೆ ಹೋಗಿ ಡಿಸಿ ಆಫೀಸಿನ ಮುಂದೆ ಕೂತರಂತೆ. ದೊಡ್ಡಪ್ಪ ಒಂದು ಹಗ್ಗ ತಗೊಂಡು ಹೋಗಿದ್ದರು, ನಕ್ಷೆ ಮೇಲೆ ಅಳತೆ ಮಾಡಿ ತೋರಿಸೋಕೆ. ಹಗ್ಗ ಯಾಕೆ ದೊಡ್ಡಪ್ಪ, ದಾರ ಸಾಕಿತ್ತಲ್ಲ ಅಂದೆ. ಲೋ, ದಾರ ತಗೊಂಡೋದ್ರೆ ಯಾರು ನೋಡ್ತಾರೆ, ಹಗ್ಗ ಕಂಡ್ರೆ ಎಲ್ಲಾರೂ ತಿರುಗಿ ನೋಡ್ತಾರೆ ಅಂದರು. ಕೊನೆಗೆ ಸಂತೆ ಇದ್ದ ಊರೇ ಗೆದ್ದಿತು. ಸಂತೆಗೂ ಬಸ್ಸಿಗೂ ಎದುರು ನಿಂತು ಹಗ್ಗ ಗೆಲ್ಲುವುದುಂಟಾ.

ಹೋಗಲಿ. ಎಲೆಕ್ಷನ್ ಆಯಿತು, ಮೆಂಬರುಗಳು ಸೇರಿ ಒಬ್ಬ ಪ್ರಧಾನ, ಒಬ್ಬ ಉಪಪ್ರಧಾನನನ್ನು ಆರಿಸಿದರು. ಈ ಪ್ರಧಾನ ಅನ್ನುವ ಪದ ಯಾರು ಹುಡುಕಿದರೋ, ಜನರಿಗೆ ಹಿಡಿಸಿಬಿಟ್ಟಿತು. ಹಳೇ ಚೇರ್ಮನ್ ಅಂದರೆ ಇಂಗ್ಲಿಷು, ಕುರ್ಚಿ ನೆನಪಾಗುತ್ತದೆ. ಪ್ರಧಾನ ಅಂದರೆ ಅತ್ತ ದೆಹಲಿಯ ಪ್ರಧಾನಿ, ಇತ್ತ ಮಹಾಭಾರತದ ಮಂತ್ರಿ, ಎರಡೂ ಒಟ್ಟಿಗೆ ಕಿವಿಗೆ ಬೀಳುತ್ತದೆ. ಪ್ರಧಾನರೇ ಅಂತ ಕರೆದರೆ ಮನುಷ್ಯ ಎರಡು ಇಂಚು ಎತ್ತರ ಆಗುತ್ತಿದ್ದ. ದೊಡ್ಡಪ್ಪನಿಗೂ ಆಸೆ ಇತ್ತು, ಒಂದೇ ವೋಟಿನಲ್ಲಿ ಹೋಯಿತು. ಆ ವೋಟು ಯಾರದು ಅಂತ ಅವರಿಗೆ ಗೊತ್ತು, ನನಗೂ ಹೇಳಿದ್ದಾರೆ, ಇಲ್ಲಿ ಬರೆಯುವುದಿಲ್ಲ. ಅವರ ಮೊಮ್ಮಗ ನನ್ನ ಫೇಸ್‌ಬುಕ್ಕಿನಲ್ಲಿದ್ದಾನೆ.

ಹೆಂಗಸರ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಆ ಕಾಯ್ದೆಯಲ್ಲಿ ನನಗೆ ಅತಿ ದೊಡ್ಡದು ಅನಿಸುವುದು ಇದೇ. ಸೀಟುಗಳಲ್ಲಿ 25 ಪರ್ಸೆಂಟ್ ಮಹಿಳೆಯರಿಗೆ ಮೀಸಲು. ದೇಶದ ಸಂವಿಧಾನಕ್ಕೆ ಮೂರನೇ ಒಂದು ಪಾಲಿನ ಮೀಸಲು ಬಂದದ್ದು 1993ರಲ್ಲಿ, ಅದಕ್ಕಿಂತ ಆರು ವರ್ಷ ಮುಂಚೆಯೇ ಇಲ್ಲಿ ಸುಮಾರು 14,000 ಹೆಂಗಸರು ಮಂಡಲಗಳಿಗೆ ಆರಿಸಿ ಬಂದರು. ನಮ್ಮ ಮಂಡಲದಲ್ಲೂ ಆರು ಜನ ಇದ್ದರು. ಮೊದಲ ಮೀಟಿಂಗಿಗೆ ಆರು ಜನರ ಜೊತೆ ಆರು ಗಂಡಂದಿರು ಬಂದಿದ್ದರು, ಇಲ್ಲ, ಐದು, ಒಬ್ಬಾಕೆ ವಿಧವೆ. ಆ ವಿಧವೆ ಒಬ್ಬರೇ ಬಾಯಿ ಬಿಟ್ಟು ಮಾತಾಡಿದ್ದು ಅಂತ ದೊಡ್ಡಮ್ಮ ಹೇಳುತ್ತಾರೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ, ನಮ್ಮ ಹಟ್ಟಿ ಬೋರಿಂಗು ಕೆಟ್ಟು ನಾಲ್ಕು ತಿಂಗಳಾಯ್ತು, ರಿಪೇರಿ ಮಾಡೋನು ಪ್ರಧಾನರ ಊರಿಗೆ ಮೂರು ಸಲ ಬಂದು ಹೋದ, ನಮ್ಮ ಹಟ್ಟಿ ಅವನ ಕಣ್ಣಿಗೆ ಯಾಕೆ ಬೀಳಲಿಲ್ಲ? ಮುಂದಿನ ವಾರ ರಿಪೇರಿ ಆಯಿತಂತೆ. ಹೆಂಗಸರು ಹೆಸರಿಗೆ ಮಾತ್ರ, ಆಡಳಿತ ಗಂಡಂದಿರದು ಅಂತ ಆಗಲೂ ಅನ್ನುತ್ತಿದ್ದರು, ಈಗ 50 ಪರ್ಸೆಂಟ್ ಆದ ಮೇಲೂ ಅನ್ನುತ್ತಾರೆ. ಬಹಳ ಕಡೆ ಅದು ನಿಜವೂ ಹೌದು. ಆದರೆ ಆ ಹಟ್ಟಿಯ ಬೋರಿಂಗೂ ನಿಜ.

ಮೇಲೆ ಜಿಲ್ಲಾ ಪರಿಷತ್ತು ಅಂತ ಬಂತಲ್ಲ, ಅದು ಇನ್ನೂ ದೊಡ್ಡ ಅಲುಗಾಟ. ಅದುವರೆಗೆ ಜಿಲ್ಲೆಗೆ ಡಿಸಿಯೇ ದೊರೆ. ಈಗ ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಗೂಟದ ಕಾರು. ಅವರ ಕೆಳಗೆ ಮುಖ್ಯ ಕಾರ್ಯದರ್ಶಿ ಅಂತ ಒಬ್ಬ ಐಎಎಸ್ ಅಧಿಕಾರಿ, ಅವರು ಡಿಸಿಗಿಂತ ಸೀನಿಯರ್! ಶಾಲೆ, ಆಸ್ಪತ್ರೆ, ಕೃಷಿ, ಪಶು ವೈದ್ಯರು ಎಲ್ಲ ಪರಿಷತ್ತಿನ ಕೈಕೆಳಗೆ. ಮೇಷ್ಟ್ರು ಶಾಲೆಗೆ ಟೈಮಿಗೆ ಸರಿಯಾಗಿ ಬರತೊಡಗಿದರು, ಡಾಕ್ಟರು ಆಸ್ಪತ್ರೆಯಲ್ಲಿ ಸಿಗತೊಡಗಿದರು ಅನ್ನುವ ಮಾತು ಆಗ ಎಲ್ಲಾ ಕಡೆ ಇತ್ತು. ನನ್ನ ಮಟ್ಟಿಗೆ ಇದು ಸತ್ಯ, ನಮ್ಮ ಮೂರನೇ ಕ್ಲಾಸಿನ ಮೇಷ್ಟ್ರು ಸೋಮವಾರ ಮಧ್ಯಾಹ್ನ ಬರುತ್ತಿದ್ದವರು ಬೆಳಿಗ್ಗೆಯೇ ಬರೋಕೆ ಶುರುಮಾಡಿದರು. ನಮಗೆ ಅದರಿಂದ ಖುಷಿ ಏನೂ ಆಗಲಿಲ್ಲ.

ತಾಲ್ಲೂಕಿನ ಕಥೆ ಮಾತ್ರ ಉಲ್ಟಾ ಆಯಿತು. 1959ರ ಕಾಯ್ದೆಯಲ್ಲಿ ತಾಲ್ಲೂಕೇ ಗಟ್ಟಿ, ಜಿಲ್ಲೆ ಸುಮ್ನೆ. 1983ರದ್ದರಲ್ಲಿ ಜಿಲ್ಲೆ ಗಟ್ಟಿ, ತಾಲ್ಲೂಕು ಸುಮ್ನೆ. ಪಂಚಾಯತ್ ಸಮಿತಿ ಅಂತ ಒಂದನ್ನು ಮಾಡಿ ಎಂಎಲ್‌ಎಯನ್ನು ಅಧ್ಯಕ್ಷರಾಗಿ ಕೂರಿಸಿದರು, ಅದಕ್ಕೆ ದೊಡ್ಡ ಅಧಿಕಾರವಿರಲಿಲ್ಲ. ಎಂಎಲ್‌ಎಗಳ ಮುಖ ಹೇಗಿದ್ದಿರಬೇಡ! ಕೆಳಗೆ ಪ್ರಧಾನ, ಮೇಲೆ ಪರಿಷತ್ ಅಧ್ಯಕ್ಷ, ಇಬ್ಬರಿಗೂ ದುಡ್ಡು ಮತ್ತು ಅಧಿಕಾರ, ನಡುವೆ ಇವರು ಸಭೆಗೆ ಟೀ ಕುಡಿಯೋಕೆ ಬರಬೇಕು. ಈ ಹೊಟ್ಟೆಯುರಿಯೇ ಮಂಡಲದ ಆಯಸ್ಸು ತಿಂದಿತು ಅಂತ ದೊಡ್ಡಪ್ಪನ ಗಟ್ಟಿ ಅಭಿಪ್ರಾಯ. ನಾನೂ ಅದನ್ನೇ ನಂಬುತ್ತೇನೆ, ಪೂರ್ತಿ ಅಲ್ಲ, ಮುಕ್ಕಾಲು.

1988ರ ಆಗಸ್ಟ್‌ನಲ್ಲಿ ಹೆಗಡೆ ರಾಜೀನಾಮೆ ಕೊಟ್ಟರು. ಅದೇ ವರ್ಷ ನಜೀರ್ ಸಾಬ್ ತೀರಿಕೊಂಡರು. 1989ರ ಏಪ್ರಿಲ್‌ನಲ್ಲಿ, ಹೆಗಡೆಯವರ ನಂತರ ಬಂದಿದ್ದ ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆಗಿ ರಾಷ್ಟ್ರಪತಿ ಆಳ್ವಿಕೆ ಬಂತು, ವರ್ಷದ ಕೊನೆಗೆ ಕಾಂಗ್ರೆಸ್ ಗೆದ್ದಿತು. ಅಂದರೆ ಮಂಡಲ ಹುಟ್ಟಿ ಮೂರು ವರ್ಷ ತುಂಬುವುದರೊಳಗೆ ಅದನ್ನು ಹುಟ್ಟಿಸಿದವರು ಯಾರೂ ಕುರ್ಚಿಯಲ್ಲಿರಲಿಲ್ಲ. ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಕೆ.ಎಸ್. ಕೃಷ್ಣಸ್ವಾಮಿಯವರ ಸಮಿತಿ ಈ ವ್ಯವಸ್ಥೆಯನ್ನು ಪರಿಶೀಲಿಸಿ 1989ರಲ್ಲಿ ವರದಿ ಕೊಟ್ಟಿತ್ತು. ವರದಿ ಓದುವ ಆಸಕ್ತಿ ಇರುವವರೂ ಆಗ ಕುರ್ಚಿಯಲ್ಲಿರಲಿಲ್ಲ.

ತಮಾಷೆ ಅಂದರೆ ದುಡ್ಡು ಚೆನ್ನಾಗಿ ಬರತೊಡಗಿದ್ದೂ ಆಗಲೇ. 1989ರ ಏಪ್ರಿಲ್‌ನಲ್ಲಿ ಕೇಂದ್ರದಿಂದ ಜವಾಹರ್ ರೋಜ್‌ಗಾರ್ ಯೋಜನೆ ಶುರುವಾಯಿತು, ಅದರ ದುಡ್ಡಿನ ದೊಡ್ಡ ಪಾಲು ಪಂಚಾಯಿತಿಗೇ. ನಮ್ಮೂರ ಶಾಲೆಯ ಎರಡನೇ ಕೋಣೆ, ಹಳ್ಳದ ಮೋರಿ, ಹೊಲದ ದಾರಿಗೆ ಹಾಕಿದ ಗ್ರಾವೆಲ್ ಎಲ್ಲ ಆ ದುಡ್ಡು. ಮೋರಿ ಇನ್ನೂ ಗಟ್ಟಿಯಾಗಿದೆ. ಅದರ ಮೇಲೆ ಮಂ.ಪಂ. ಅಂತ ಸಿಮೆಂಟಿನಲ್ಲಿ ಕಡ್ಡಿಯಿಂದ ಗೀಚಿದ ಅಕ್ಷರ ಇದೆ, ನಾನು ಹೋದ ತಿಂಗಳು ಹೋಗಿ ನೋಡಿಕೊಂಡು ಬಂದೆ. ಶಾಲೆ ಹುಡುಗನೊಬ್ಬನನ್ನು ಕೇಳಿದೆ, ಇದೇನು ಗೊತ್ತಾ ಅಂತ. ಯಾರೋ ಮಂಜುನಾಥ ಅಂತ ಇರಬೇಕು ಅಂದ.

1990ರಲ್ಲಿ ಇನ್ನೊಂದು ಪ್ರಸಂಗ. ದೆಹಲಿಯ ವಿ.ಪಿ. ಸಿಂಗ್ ಸರ್ಕಾರ ಹಿಂದುಳಿದ ವರ್ಗದವರ ಮೀಸಲಾತಿಯ ಮಂಡಲ್ ವರದಿ ಜಾರಿ ಮಾಡುತ್ತೇವೆ ಅಂದಿತು, ಉತ್ತರದ ಕಡೆ ಗಲಾಟೆ ಶುರುವಾಯಿತು. ರೇಡಿಯೋದಲ್ಲಿ ದಿನಾ ಮಂಡಲ್, ಮಂಡಲ್. ನಮ್ಮ ಪಕ್ಕದ ಊರಿನ ಒಬ್ಬ ಮೆಂಬರು ಓಡಿಬಂದು, ನಮ್ ಮಂಡಲ ತೆಗೆದಾಕ್ತಾರಂತೆ, ಡೆಲ್ಲೀಲಿ ಹುಡುಗ್ರು ಬಸ್ಸಿಗೆ ಕಲ್ಲು ಹೊಡೀತವ್ರೆ ಅಂದನಂತೆ. ನಮ್ಮ ಹದಿನಾಲ್ಕು ಹಳ್ಳಿಗೋಸ್ಕರ ಡೆಲ್ಲಿ ಹುಡುಗರು ಯಾಕೆ ಕಲ್ಲು ಹೊಡೆಯುತ್ತಾರೆ ಅಂತ ಯಾರೂ ಕೇಳಲಿಲ್ಲ, ಎಲ್ಲರೂ ಗಾಬರಿಯಾದರು. ಗಡಿಯಾಚೆ ಮಡಕಶಿರಾದಲ್ಲಿರುವ ನಮ್ಮ ನೆಂಟರಿಗೆ ಇನ್ನೊಂದು ಗೊಂದಲ. ಅಲ್ಲಿ ಎನ್‌ಟಿಆರ್ ಕಾಲದಲ್ಲಿ, 1985ರ ಹೊತ್ತಿಗೆ, ಆಂಧ್ರವನ್ನೆಲ್ಲಾ ಮಂಡಲಗಳಾಗಿ ಮಾಡಿದ್ದರು. ಅವರ ಮಂಡಲ ದೊಡ್ಡದು, ಕಚೇರಿ, ತಹಶೀಲ್ದಾರ್ ಎಲ್ಲ ಇರುವಂಥದ್ದು. ಇವತ್ತಿಗೂ ಅಲ್ಲಿ ಮಂಡಲ ಇದೆ. ಈಚೆ ಬಂದರೆ ಮಂ.ಪಂ. ಯಾರೋ ಮಂಜುನಾಥ.

ಐದು ವರ್ಷದ ಅವಧಿ 1992ರ ಜನವರಿಗೆ ಮುಗಿಯಿತು. ಬಂಗಾರಪ್ಪನವರ ಸರ್ಕಾರ, ಚುನಾವಣೆ ನಡೆಸಲಿಲ್ಲ. ಪ್ರಧಾನರ ಕುರ್ಚಿಗೆ ಆಡಳಿತಾಧಿಕಾರಿ ಬಂದರು. ಅಲ್ಲಿ ದೇಶದ ಮಟ್ಟದಲ್ಲಿ ಪಂಚಾಯಿತಿಗಳನ್ನು ಸಂವಿಧಾನದೊಳಗೆ ತಂದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು, ಇಲ್ಲಿ ಮೊಯ್ಲಿಯವರ ಸರ್ಕಾರ ಅದಾಗಿ ಮೂರು ವಾರದೊಳಗೆ, ಮೇ 10ಕ್ಕೆ, ಹೊಸ ಪಂಚಾಯತ್ ರಾಜ್ ಕಾಯ್ದೆ ಜಾರಿ ಮಾಡಿತು. ಪರಿಷತ್ತು ಹೋಗಿ ಜಿಲ್ಲಾ ಪಂಚಾಯಿತಿ, ತಾಲ್ಲೂಕಿಗೆ ಮತ್ತೆ ಚುನಾವಣೆ ಇರುವ ತಾಲ್ಲೂಕು ಪಂಚಾಯಿತಿ, ಪ್ರಧಾನ ಹೋಗಿ ಅಧ್ಯಕ್ಷ, ಅಧ್ಯಕ್ಷ ಸ್ಥಾನಕ್ಕೂ ಮೀಸಲಾತಿ. ಮಂಡಲ ಹೋಗಿ ಗ್ರಾಮ ಪಂಚಾಯಿತಿ. ಈಗ 5,000ದಿಂದ 7,000 ಜನಕ್ಕೆ ಒಂದು. ಸುಮಾರು 2,500 ಇದ್ದದ್ದು 5,600ಕ್ಕೂ ಹೆಚ್ಚಾಯಿತು. ಹೆಚ್ಚು ಕಡಿಮೆ ಒಂದು ಮಂಡಲ ಒಡೆದರೆ ಎರಡು ಗ್ರಾಮ ಪಂಚಾಯಿತಿ. ಚುನಾವಣೆ 1993ರ ಡಿಸೆಂಬರ್‌ನಲ್ಲಿ ನಡೆಯಿತು.

ಇಲ್ಲಿಯವರೆಗೆ ದೊಡ್ಡಪ್ಪ ಹೇಳಿದ್ದನ್ನು ಕೇಳಿದರೆ, ಒಳ್ಳೇ ಮಂಡಲವನ್ನು ಬೆಂಗಳೂರಿನವರು ಹಾಳು ಮಾಡಿದರು ಅನಿಸುತ್ತದೆ. ಹಳಬರು ಸಾಮಾನ್ಯವಾಗಿ ಹೀಗೇ ಹೇಳುವುದು. ಆದರೆ ಟ್ರಂಕಿನ ತಳದಲ್ಲಿ ಇನ್ನೊಂದು ಕಾಗದ ಸಿಕ್ಕಿತು. ಮನವಿ ಪತ್ರದ ಕಾರ್ಬನ್ ಕಾಪಿ. ನಮ್ಮ ಐದು ಹಳ್ಳಿಗಳನ್ನು ಈಗಿನ ಮಂಡಲ ಕೇಂದ್ರದಿಂದ ಬೇರ್ಪಡಿಸಿ ಪ್ರತ್ಯೇಕ ಪಂಚಾಯಿತಿ ಮಾಡಿಕೊಡಬೇಕಾಗಿ ಪ್ರಾರ್ಥನೆ. ಕಾರಣಗಳು: ಕೇಂದ್ರ ಸ್ಥಾನ ಒಂಬತ್ತು ಕಿಲೋಮೀಟರ್ ದೂರ, ಮಳೆಗಾಲದಲ್ಲಿ ಹಳ್ಳ ದಾಟಲಾಗುವುದಿಲ್ಲ, ಬೀದಿದೀಪ ನಲ್ಲಿ ಚರಂಡಿ ಎಲ್ಲವೂ ಕೇಂದ್ರ ಸ್ಥಾನಕ್ಕೇ ಹೋಗುತ್ತಿವೆ. ಕೆಳಗೆ ಮೊದಲ ಸಹಿ ದೊಡ್ಡಪ್ಪನದು.

ನೀವೇ ಅಲ್ವಾ ಮಂಡಲ ಒಡೀರಿ ಅಂತ ಬರೆದುಕೊಟ್ಟಿದ್ದು ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಆಫೀಸು ನಮ್ ಪಕ್ಕದೂರಿಗೆ ಕೊಟ್ಟಿದ್ರೆ ನಾನ್ಯಾಕೆ ಬರೀತಿದ್ದೆ ಅಂದರು.

ಇದು ನನಗೆ ಬಹಳ ಪ್ರಾಮಾಣಿಕ ಉತ್ತರ ಅನಿಸಿತು. ಮಂಡಲ ದೊಡ್ಡದಾಗಿತ್ತು, ಅದರಿಂದಲೇ ಅದಕ್ಕೆ ಬಲ ಇತ್ತು, ಅದರಿಂದಲೇ ಒಂಬತ್ತು ಕಿಲೋಮೀಟರ್ ದೂರವೂ ಇತ್ತು. ಒಬ್ಬ ಮುದುಕಿ ಪಿಂಚಣಿ ಅರ್ಜಿಗೆ ಸಹಿ ಹಾಕಿಸೋಕೆ ಒಂದು ದಿನದ ಕೂಲಿ ಬಿಟ್ಟು ಹೋಗಬೇಕಿತ್ತು. ಮೆಹ್ತಾ ಸಮಿತಿಯವರ ಲೆಕ್ಕದಲ್ಲಿ 15,000 ಜನ ಸರಿ ಇರಬಹುದು, ಆ ಮುದುಕಿಯ ಕಾಲಿಗೆ 5,000 ಸರಿ.

ಒಂದು ಮಾತು ಮಾತ್ರ ತಲೆಯಲ್ಲಿ ಉಳಿದಿದೆ. ನಮ್ಮ ಹೋಬಳಿ ಬದಲಾಗಿಲ್ಲ. ರಾಜರ ಕಾಲದಿಂದ ಬಂದದ್ದು, ಪಹಣಿಯಲ್ಲಿ ಇವತ್ತಿಗೂ ಅದೇ ಹೆಸರು. ತಾಲ್ಲೂಕೂ ಅದೇ. ಭೂಕಂದಾಯ ವಸೂಲಿಗೆ ಹಾಕಿದ ಗಡಿಯನ್ನು ಯಾವ ಸರ್ಕಾರವೂ ಸುಲಭಕ್ಕೆ ಮುಟ್ಟುವುದಿಲ್ಲ. ಜನ ವೋಟು ಹಾಕಿ ನಡೆಸುವ ಗಡಿಯನ್ನು ಮಾತ್ರ ಬೋರ್ಡು, ಮಂಡಲ, ಗ್ರಾಮ ಅಂತ ಪ್ರತಿ ಕಾಯ್ದೆಗೂ ಅಳಿಸಿ ಬರೆಯುತ್ತಾರೆ. ಪರಿಣಾಮ ಏನು ಅಂದರೆ ನನ್ನ ಇ-ಸ್ವತ್ತು.

ಯಾಕೆಂದರೆ ಮಂಡಲ ಒಡೆದಾಗ ಮೆಂಬರುಗಳು, ಬಿಲ್ ಕಲೆಕ್ಟರು, ವಾಟರ್‌ಮ್ಯಾನು ಎಲ್ಲಾ ಹಂಚಿಕೆ ಆದರು, ಪುಸ್ತಕಗಳು ಆಗಲಿಲ್ಲ. ಹಳೇ ಕಂದಾಯದ ರಿಜಿಸ್ಟರುಗಳೆಲ್ಲಾ ಆ ಸಂತೆ ಊರಿನಲ್ಲೇ ಉಳಿದವು. ಮೂರು ಸಲ ಹೋದೆ. ಮೊದಲ ಸಲ ಬೀಗದ ಕೈ ಇದ್ದವರು ರಜೆ. ಎರಡನೇ ಸಲ ಆ ಪುಸ್ತಕಗಳನ್ನು ಗೆದ್ದಲು ತಿಂದಿದೆ ಅಂದರು. ಮೂರನೇ ಸಲ ದೊಡ್ಡಪ್ಪನನ್ನೇ ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಹಳೇ ಮೆಂಬರು ಅಂತ ಯಾರೋ ಗುರುತು ಹಿಡಿದು ಕುರ್ಚಿ ಕೊಟ್ಟರು, ಟೀ ತರಿಸಿದರು, ಹತ್ತೇ ನಿಮಿಷದಲ್ಲಿ ಬೀರುವಿನ ಹಿಂದಿನಿಂದ ರಿಜಿಸ್ಟರು ಬಂತು. ಗೆದ್ದಲು ಎಲ್ಲೋ ಒಂದು ಮೂಲೆ ತಿಂದಿತ್ತು ಅಷ್ಟೇ.

ನಮ್ಮ ಮನೆ ಇತ್ತು. ಅಜ್ಜನ ಹೆಸರು ಹೊಡೆದು ಹಾಕಿ ದೊಡ್ಡಪ್ಪನ ಹೆಸರು, ಉದ್ದ ಅಗಲ, ಪೂರ್ವಕ್ಕೆ ರಸ್ತೆ ಪಶ್ಚಿಮಕ್ಕೆ ಕಣ, ವರ್ಷಕ್ಕೆ 18 ರೂಪಾಯಿ ಕಂದಾಯ. ನಾನು ಫೋಟೋ ತೆಗೆದುಕೊಳ್ಳುತ್ತಿದ್ದೆ. ದೊಡ್ಡಪ್ಪ ಕನ್ನಡಕ ಮೂಗಿನ ತುದಿಗೆ ತಂದು ಕೊನೆಯ ಕಾಲಮ್ಮಿಗೆ ಬೆರಳಿಟ್ಟರು. 1991-92ನೇ ಸಾಲು, ಎದುರಿಗೆ ಕೆಂಪು ಶಾಯಿಯಲ್ಲಿ: ಬಾಕಿ.

ಕಟ್ಟಿದ್ದೀನಿ ಅಂದರು. ಜೇಬಿನಿಂದ ಆ ಐದು ರಸೀದಿಯ ಕಟ್ಟು ತೆಗೆದು, ದಾರ ಬಿಚ್ಚಿ, ಮಾರ್ಚ್ ತಿಂಗಳದ್ದನ್ನು ಮೇಜಿನ ಮೇಲೆ ಇಟ್ಟರು. ಆಡಳಿತಾಧಿಕಾರಿ ಬಂದಿದ್ದ ಕಾಲ, ಯಾರೋ ಏರಿಸುವುದು ಮರೆತಿದ್ದಾರೆ. ಅಲ್ಲಿದ್ದ ಹುಡುಗಿ ರಸೀದಿ ನೋಡಿದಳು, ರಿಜಿಸ್ಟರು ನೋಡಿದಳು. ಅಜ್ಜಾ, ಇದು ಮಂಡಲದ್ದು, ನಮ್ಮದಲ್ಲ, ನಾವು ಇದರಲ್ಲಿ ಏನೂ ಬರೆಯೋ ಹಾಗಿಲ್ಲ ಅಂದಳು.

ಹಾಗಾದ್ರೆ ಯಾರು ಬರೀತಾರಮ್ಮ ಅಂದರು ದೊಡ್ಡಪ್ಪ. ಅವಳು ನನ್ನ ಮುಖ ನೋಡಿದಳು. ಬನ್ನಿ ದೊಡ್ಡಪ್ಪ, 18 ರೂಪಾಯಿ ತಾನೇ ಅಂದೆ. ಏಳಲಿಲ್ಲ. ಟೀ ಆರುತ್ತಿತ್ತು, ಸಂತೆಯ ದಿನ ಬೇರೆ, ಹೊರಗೆ ಗದ್ದಲ. ಕೆಂಪು ಪೆನ್ನು ಇದ್ಯೇನಮ್ಮ ಅಂತ ಇನ್ನೊಂದು ಸಲ ಕೇಳಿದರು.